ಮೃದಂಗಕ್ಕೆ ಎರಡು ಮೈಕ್: ಎರಡನೇ ನಿಮಿಷಕ್ಕೆ ಗುಮ್ಕಿ ಟೊಳ್ಳಾಗುತ್ತಿದೆ

ಎಡಗೈ: ಮೂರು ಭಾನುವಾರ ಹಾಳಾದವು. ಬಲಗಡೆಗೊಂದು, ಎಡಗಡೆಗೊಂದು ಮೈಕ್ ಇಟ್ಟು ಒಂಬತ್ತು ನಿಮಿಷದ ತನಿ (ಮೃದಂಗವೊಂದೇ ನುಡಿಯುವ ಭಾಗ) ನುಡಿಸಿ ರೆಕಾರ್ಡ್ ಮಾಡುತ್ತಿದ್ದೇನೆ. ಒಂದೊಂದನ್ನೇ ಕೇಳಿದರೆ ಎರಡೂ ಚೊಕ್ಕವಾಗಿವೆ. ಕೂಡಿಸಿದರೆ ಎರಡನೇ ನಿಮಿಷದ ಹೊತ್ತಿಗೆ ಗುಮ್ಕಿಯ, ಅಂದರೆ ಎಡಗಡೆಯ ತಗ್ಗುದನಿಯ ಪೆಟ್ಟಿನ, ತೂಕವೇ ಹೋಗಿ ಡಬ್ಬ ಬಡಿದಂತೆ ಕೇಳುತ್ತದೆ. ಮೈಕ್ ಬದಲಿಸಬೇಕೇ?

ಚಾಪು: ಮೈಕ್ ಕೊಳ್ಳಬೇಡಿ, ಇದು ಪೊಲಾರಿಟಿ. ಎದುರುಬದುರಾಗಿ ಇಟ್ಟಾಗ ಒಂದರಲ್ಲಿ ಅಲೆ ಏಳುವ ಹೊತ್ತಿಗೆ ಇನ್ನೊಂದರಲ್ಲಿ ಇಳಿಯುತ್ತಿರಬಹುದು. ಎಡಗಡೆಯ ಟ್ರ್ಯಾಕಿನ ಅಲೆಯನ್ನು ತಲೆಕೆಳಗಾಗಿ ತಿರುಗಿಸಿ ನೋಡಿ.

ಎಡಗೈ: ತಿರುಗಿಸಿದೆ. ಈಗ ಆರಂಭವೇ ಟೊಳ್ಳು, ಎರಡನೇ ನಿಮಿಷ ತುಂಬಿಕೊಂಡಿದೆ!

ಚಾಪು: ಹಾಗಾದರೆ ದೂರದ ಸಮಸ್ಯೆ. ಧ್ವನಿ 34 ಸೆಂಟಿಮೀಟರ್ ದಾಟಲು ಒಂದು ಮಿಲಿಸೆಕೆಂಡ್ ಬೇಕು. ಟೇಪ್ ಹಿಡಿದು ಎರಡೂ ಮೈಕ್‌ಗಳ ದೂರ ಅಳೆಯಿರಿ.

ಮಂದ್ರ: ಫ್ಯಾನ್ ಹಾಕಿಕೊಂಡಿದ್ದೀರಾ? ಎಡಗಡೆಯ ಚರ್ಮಕ್ಕೆ ಮೆತ್ತಿದ ರವೆ ಒಣಗಿ ನಾದ ಬಿದ್ದಿರುತ್ತದೆ. ಮತ್ತೆ ನೀರು ಮುಟ್ಟಿಸಿ.

ಕರಣೆ: ಈ ಕಾಲದಲ್ಲೂ ರವೆಯೇ? ಸಿಲಿಕೋನ್ ಅಂಟಿಗೆ ಬನ್ನಿ. ಅಂಟು ಹಚ್ಚಿದ ಮೇಲೆ ಗಂಟೆಗಟ್ಟಲೆ ನುಡಿಸಿದರೂ ನಾದ ಕದಲುವುದಿಲ್ಲ.

ಮಂದ್ರ: ಅಂಟಿನಲ್ಲಿ ಆ ತೇವದ ಗುಂಗು ಎಲ್ಲಿ ಬರುತ್ತದೆ? ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಕಚೇರಿಗೆ ಮೈಕೇ ಬೇಡ ಎಂದವರು. ಮೊದಲು ವಾದ್ಯ ಮಾತಾಡಬೇಕು.

ಚಾಪು: ದೂರ ಅಳೆದಿರಾ?

ತಂಬೂರಿ: ದೂರ ಬಿಡಿ. ಮೈಕ್ ಕದಲದಿದ್ದರೆ ದೂರದಿಂದ ಆಗುವ ದೋಷ ಮೊದಲ ಪೆಟ್ಟಿನಿಂದ ಕೊನೆಯವರೆಗೂ ಒಂದೇ ಥರ ಇರಬೇಕು. ಇವರದು ನಿಮಿಷದಿಂದ ನಿಮಿಷಕ್ಕೆ ಬದಲಾಗುತ್ತಿದೆ. ಎರಡೂ ಮೈಕ್, ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸುವ ಒಂದೇ ಇಂಟರ್‌ಫೇಸಿಗೆ ಹೋಗುತ್ತಿವೆಯೇ?

ಎಡಗೈ: ಇಲ್ಲ. ಬಲಗಡೆಯದು ಇಂಟರ್‌ಫೇಸಿಗೆ. ಎಡಗಡೆಯದು ಯುಎಸ್‌ಬಿ ಮೈಕ್, ನೇರವಾಗಿ ಲ್ಯಾಪ್‌ಟಾಪಿಗೆ. ಅದರಿಂದ ಏನಾಗುತ್ತದೆ? ಎರಡೂ ಸೆಕೆಂಡಿಗೆ 48 ಸಾವಿರ ಮಾದರಿ, ಅಂದರೆ 48 ಕಿಲೋಹರ್ಟ್ಜ್‌ನಲ್ಲೇ ಇವೆ.

ತಂಬೂರಿ: ಎಲ್ಲವೂ ಅದರಿಂದಲೇ. ಎರಡು ಸಾಧನ, ಎರಡು ಗಡಿಯಾರ. ಎರಡೂ 48 ಎಂದು ತೋರಿಸಿದರೂ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ ಸಾಕು, ನಿಮಿಷಕ್ಕೆ 3 ಮಿಲಿಸೆಕೆಂಡ್ ಜಾರುತ್ತದೆ. ಎರಡು ನಿಮಿಷಕ್ಕೆ 6. ಎಂಬತ್ತು ಹರ್ಟ್ಜ್ ಆಸುಪಾಸಿನ ಗುಮ್ಕಿಗೆ ಅದು ಸರಿಯಾಗಿ ಅರ್ಧ ಅಲೆ. ಎರಡೂ ಮೈಕ್‌ಗೆ ಬಿದ್ದ ಅದೇ ನಾದ ಒಂದನ್ನೊಂದು ನುಂಗುತ್ತದೆ. ನುಡಿಸುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಚಪ್ಪಾಳೆ ತಟ್ಟಿ ಎರಡೂ ಟ್ರ್ಯಾಕ್‌ಗಳನ್ನು ಹೋಲಿಸಿ ನೋಡಿ.

ಎಡಗೈ: ತಟ್ಟಿದೆ. ಮೊದಲ ಚಪ್ಪಾಳೆಯನ್ನು ಕೂಡಿಸಿಟ್ಟರೆ ಕೊನೆಯದು 28 ಮಿಲಿಸೆಕೆಂಡ್ ಆಚೆಗಿದೆ. ಕೊನೆಯ ಮೋಹರದಲ್ಲಿ (ತನಿಯ ಮುಕ್ತಾಯದ ಭಾಗದಲ್ಲಿ) ಪೆಟ್ಟುಗಳು ಜೋಡಿಯಾಗಿ ಕೇಳುತ್ತಿದ್ದವು. ನನ್ನ ಕೈಯೇ ತಪ್ಪುತ್ತಿದೆ ಎಂದುಕೊಂಡು ಹದಿನೈದು ದಿನ ಸಾಧನೆ ಮಾಡಿದೆ.

ತಂಬೂರಿ: ಈ ರೆಕಾರ್ಡಿಂಗ್ ಉಳಿಯಬೇಕೆಂದರೆ ಎಡಗಡೆಯ ಟ್ರ್ಯಾಕನ್ನು ಆ 28ರಷ್ಟು ಎಳೆದೋ ಕುಗ್ಗಿಸಿಯೋ ಕೊನೆಯ ಚಪ್ಪಾಳೆಗೆ ಕೂಡಿಸಿ. ಮುಂದಿನ ಸಲ ಸಾಧಾರಣ ಡೈನಮಿಕ್ ಮೈಕ್ ಆದರೂ ಸರಿ, ಎರಡೂ ಒಂದೇ ಇಂಟರ್‌ಫೇಸಿಗೆ.

ಚಾಪು: ಅದಾದ ಮೇಲೆ ಪೊಲಾರಿಟಿಯನ್ನೂ ನೋಡಲೇಬೇಕು.

ಎಡಗೈ: ಟ್ರ್ಯಾಕ್ ಕೂಡಿಸಿದೆ. ಗುಮ್ಕಿ ಕೊನೆಯವರೆಗೂ ನಿಂತಿತು. ಶನಿವಾರ ಗೆಳೆಯನ ಮೈಕ್ ತಂದು ಹೊಸದಾಗಿ ನುಡಿಸುತ್ತೇನೆ.

ಕರಣೆ: ಅಂಟು ಹಚ್ಚಿ ನುಡಿಸಿ.

ಮಂದ್ರ: ರವೆ.