ಸಹಾಯ ಬೇಕು: ಶಾಲೇಲೇ ಬ್ಲಾಕ್ಸ್ ಆಟದ ಥೆರಪಿ ಯಾರಾದ್ರೂ ಮಾಡ್ಸಿದೀರಾ? (ದಾವಣಗೆರೆ)

ಎಲ್ರಿಗೂ ನಮಸ್ಕಾರ ರೀ, ನಿಟ್ಟುವಳ್ಳಿಯಿಂದ ಬರೀತಿದೀನಿ. ಮಗನಿಗೆ 8 ವರ್ಷ, ಆಟಿಸಂ ಐತೆ, ಮಾಮೂಲಿ ಶಾಲೇಲಿ 3ನೇ ಕ್ಲಾಸು. ವಾರಕ್ಕೆ ಎರಡು ಸಲ ಥೆರಪಿ, ಸೆಷನ್‌ಗೆ 600, ಆಟೋ ಬೇರೆ, ಎಲ್ಲಾ ಸೇರಿ ತಿಂಗಳಿಗೆ 6 ಸಾವಿರ, ಜೊತೆಗೆ ಅವ್ರಮ್ಮನ ಟೈಲರಿಂಗ್ ಕೆಲ್ಸ ಆ ಎರಡು ದಿನ ನಿಂತೇ ಹೋಗ್ತದೆ, ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ ಬಿಡಿ.

ಇಂಗ್ಲೆಂಡಲ್ಲಿ ಶಾಲೆಗಳಲ್ಲೇ ಲೆಗೋ ಥೆರಪಿ (ಒಂದಕ್ಕೊಂದು ಜೋಡಿಸೋ ಬ್ಲಾಕ್ಸ್ ಆಟದ ಥೆರಪಿ) ಟ್ರಯಲ್ ಮಾಡಿದ್ರಂತೆ, 250 ಮಕ್ಳು, ವಾರಕ್ಕೊಂದು 45 ನಿಮಿಷ, 12 ವಾರ. ಒಬ್ಬ ಚಿತ್ರ ನೋಡಿ ಹೇಳ್ಬೇಕು, ಇನ್ನೊಬ್ಬ ಪೀಸ್ ಹುಡುಕಿ ಕೊಡ್ಬೇಕು, ಮತ್ತೊಬ್ಬ ಜೋಡಿಸ್ಬೇಕು, ಮಾತಾಡ್ದೆ ಆಟ ಮುಂದೆ ಹೋಗಂಗೇ ಇಲ್ಲ. ಫಲ ಸಣ್ದೇ, ಜಾದೂ ಏನಲ್ಲ, ಆದ್ರೆ ನಡೆಸೋರು ಟ್ರೈನಿಂಗ್ ತಗೊಂಡ ಶಾಲೆ ಸಿಬ್ಬಂದಿ, ಹಂಗಾಗಿ ಖರ್ಚು ಕಮ್ಮಿ. ನಂಗೆ ಹಿಡಿಸಿದ್ದು ಅದೇ, ಮಗ ಕ್ಲಾಸಿನ ಹುಡುಗ್ರ ಜೊತೆನೇ ಆಡ್ತಾನೆ, ಬಾಗಿಲು ಹಾಕಿದ ರೂಮಲ್ಲಿ ಒಬ್ನೇ ಅಲ್ಲ.

ಹೆಡ್‌ಮಿಸ್ "ಟೀಚರ್ ಎಲ್ಲಿಂದ ತರ್ಲಿ ಸರ್" ಅಂದ್ರು. ಅವ್ರದ್ದೂ ತಪ್ಪಿಲ್ಲ.

ಇಲ್ಲಿ ಇಲ್ಲಾ ಚಿತ್ರದುರ್ಗದ ಕಡೆ ಬಿಐಇಆರ್‌ಟಿ ಟೀಚರ್ (ವಿಶೇಷ ಅಗತ್ಯ ಇರೋ ಮಕ್ಳಿಗೆ ಅಂತ ಬ್ಲಾಕ್ ಮಟ್ಟದಲ್ಲಿರೋ ಟೀಚರ್) ಹತ್ರ ಇಂಥದ್ದು ಮಾಡ್ಸಿದೋರು ಇದ್ರೆ ಹೇಳಿ, ಬಿಇಒ ಆಫೀಸಿಗೆ ಅರ್ಜಿ ಹೆಂಗ್ ಬರೆದ್ರಿ? ಆಟಿಸಂ ಥರ ಅಂಗವೈಕಲ್ಯ ಇರೋರಿಗೆ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ಇನ್ಶೂರೆನ್ಸ್ 1 ಲಕ್ಷದವರೆಗೆ ಐತಲ್ಲ, ಅದ್ರಲ್ಲಿ ಥೆರಪಿ ಬಿಲ್ ಕ್ಲೇಮ್ ಮಾಡಿದೋರು ಯಾವ್ ಕಾಗದ ಕೊಟ್ರಿ? ಮನೇಲಿ ಹಳೇ ಬ್ಲಾಕ್ಸ್ ಬಿದ್ದಿದ್ರೂ ಹೇಳಿ, ನಾನೇ ಬಂದು ತಗೊಂಡ್ ಹೋಗ್ತೀನಿ, ಲೋಕಲ್ ಕಂಪನೀದಾದ್ರೂ ನಡೀತದೆ.