ಸಹಾಯ ಬೇಕು: ರೋಕ್ಕಾ ಸಾನ್ ಸಿಲ್ವೆಸ್ಟ್ರೊ ಏರು ಮೊಣಕಾಲು ನೋವಿನವರಿಗೆ ಆದೀತೇ?

ಇಟಲಿಯ ಟಸ್ಕನಿಯಲ್ಲಿ ಗುಡ್ಡದ ಮೇಲಿರುವ ಕಾಂಪೀಲ್ಯಾ ಮಾರಿಟ್ಟಿಮಾ ಎಂಬ ಮಧ್ಯಯುಗದ ಊರಿಗೆ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಪೀಸಾ, ಫ್ಲಾರೆನ್ಸ್‌ಗಳ ನೂಕುನುಗ್ಗಲು ನಮಗೆ ಬೇಡ. ಅಮ್ಮ ಭೂಗೋಳ ಪಾಠ ಮಾಡಿದವರು. ರೋಮನ್ನರಿಗಿಂತ ಮುಂಚೆ ಇಲ್ಲಿ ಬಾಳಿದ ಎಟ್ರಸ್ಕನ್ನರ ಕಾಲದಿಂದ 20ನೇ ಶತಮಾನದವರೆಗೆ ಬಿಟ್ಟು ಬಿಟ್ಟು ತಾಮ್ರ, ಸೀಸ, ಬೆಳ್ಳಿ ತೆಗೆದ ಬೆಟ್ಟವೆಂದರೆ ಅವರಿಗೆ ತೀರ್ಥಕ್ಷೇತ್ರವಿದ್ದಂತೆ.

ಊರಿನ ಹೆಸರಿನ ರೈಲು ನಿಲ್ದಾಣ ಕೆಳಗೆ ವೆಂತುರೀನಾ ಬಯಲಿನಲ್ಲಿದೆ. ಅಲ್ಲಿಂದ ಮೇಲಕ್ಕೆ ಕರೆದೊಯ್ಯಲು ತಂಗುವ ಮನೆಯವರು ಒಪ್ಪಿದ್ದಾರೆ. ನಾನು ಸಿಕ್ಕಿಕೊಂಡಿರುವುದು ಆ ಬೆಟ್ಟದ ಹಳೆಯ ಗಣಿಗಳನ್ನು ನೋಡಲು ತೆರೆದಿಟ್ಟಿರುವ ಗಣಿ ಉದ್ಯಾನದ ವಿಷಯದಲ್ಲಿ. ತೆಂಪೆರೀನೊ ಗಣಿಯಿಂದ ಪುಟ್ಟ ರೈಲೊಂದು ಸುರಂಗದೊಳಗೆ ಸಾಗಿ ಲಾಂಜಿ ಕಣಿವೆಯಲ್ಲಿ ಇಳಿಸುತ್ತದೆ. ಅಲ್ಲಿಂದ ರೋಕ್ಕಾ ಸಾನ್ ಸಿಲ್ವೆಸ್ಟ್ರೊಗೆ ನಡೆದೇ ಹತ್ತಬೇಕು. ಗಣಿಗಾರರೂ ಲೋಹ ಕರಗಿಸುವವರೂ ಬಾಳಿ, 14ನೇ ಶತಮಾನದಲ್ಲಿ ತೊರೆದುಹೋದ ಹಳ್ಳಿ ಅದು. ನಮ್ಮ ಪ್ರವಾಸದ ಜೀವಾಳವೇ ಅದು.

ಅಮ್ಮನ ಮೊಣಕಾಲು ಹತ್ತುವುದನ್ನು ಹೇಗೋ ತಡೆದುಕೊಳ್ಳುತ್ತದೆ. ಸಡಿಲ ಕಲ್ಲಿನ ಇಳಿಜಾರು ಮಾತ್ರ ಆಗದು. ನಕ್ಷೆ ನೋಡಿದೆ, ಫೋಟೋಗಳನ್ನು ಹಿಗ್ಗಿಸಿ ನೋಡಿದೆ. ಗೋಡೆಗಳು ಕಾಣುತ್ತವೆ, ಕಾಲಿಡುವ ದಾರಿ ಕಾಣುವುದಿಲ್ಲ. ಮನೆಯವರನ್ನು ಕೇಳಿದರೆ ‘ಸುಲಭ’ ಎನ್ನುತ್ತಾರೆ, ಆದರೆ ಗುಡ್ಡದಲ್ಲೇ ಬೆಳೆದವರ ಸುಲಭ ನಮ್ಮದಲ್ಲವಲ್ಲ.

ಹೋಗಿಬಂದವರು ದಯವಿಟ್ಟು ತಿಳಿಸಿ: ಕಣಿವೆಯಿಂದ ರೋಕ್ಕಾವರೆಗಿನ ದಾರಿ ಮೆಟ್ಟಿಲೋ, ಗಟ್ಟಿ ಮಣ್ಣೋ, ಸಡಿಲ ಕಲ್ಲೋ? ನಡುವೆ ಕೂರಲು ನೆರಳಿದೆಯೇ? ಅಮ್ಮ ಅರ್ಧದಲ್ಲೇ ನಿಂತರೆ ಅದೇ ರೈಲಿನಲ್ಲಿ ಹಿಂದಿರುಗಬಹುದೇ, ಇಲ್ಲವೇ ತಂಡದೊಂದಿಗೇ ಮುಂದೆ ಸಾಗಬೇಕೇ?