ಉಪ್ಪಾಗೆ ಹಣ್ಣಾಗುವವರೆಗೆ ಊರು ಕಾಯುವಂತೆ ಮಾಡುವುದು ಹೇಗೆ?

ಪ್ರಶ್ನೆ (ಹೊಸನಗರ ತಾಲ್ಲೂಕು):
ನಮ್ಮೂರ ಕಾನಿನಲ್ಲಿ (ಮಲೆನಾಡಿನ ದಟ್ಟ ಹಸಿರು ಕಾಡಿನಲ್ಲಿ) ಉಪ್ಪಾಗೆ ಮರಗಳು ಸಾಕಷ್ಟಿದ್ದು, ಅದರ ಹುಳಿ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಮಾರುತ್ತೇವೆ; ಹತ್ತಾರು ಮನೆಗಳ ಮಳೆಗಾಲದ ಕೈಖರ್ಚು ಅದರಿಂದಲೇ ನಡೆಯುತ್ತದೆ. ಕಾಯಿ ಹಳದಿಗೆ ತಿರುಗಿದ ಮೇಲೆಯೇ ಕೊಯ್ಯಬೇಕೆಂಬುದು ಎಲ್ಲರಿಗೂ ಗೊತ್ತು. ಆದರೂ ಈಚೆಗೆ ಆರಿದ್ರಾ ಮಳೆ ಹಿಡಿಯುವ ಮೊದಲೇ ಹಸಿರುಗಾಯಿಯನ್ನು ಕೊಂಬೆ ಸಮೇತ ಕಡಿದು ಕೆಡಹುತ್ತಿದ್ದಾರೆ. ಕಳೆದ ವರ್ಷ ಒಂದೇ ಮರದ ಬುಡದಲ್ಲಿ ತೋಳಿನಷ್ಟು ದಪ್ಪದ ನಾಲ್ಕು ಕೊಂಬೆಗಳು ಬಿದ್ದಿದ್ದವು; ಕೀಳದೆ ಬಿಟ್ಟ ಹೀಚುಗಳು ಎಲೆಯೊಂದಿಗೇ ಬಾಡಿದ್ದವು. “ಕಾಯಿ ಕೊಯ್ಯುವ ಗುತ್ತಿಗೆ ಹಿಡಿದವರ ಆಳುಗಳು ಬರುವ ಮೊದಲು ಕೊಯ್ಯದಿದ್ದರೆ ನಮಗೇನು ಉಳಿಯುತ್ತದೆ?” ಎಂದು ಊರವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊಯ್ಲಿನ ದಿನವನ್ನು ಊರೇ ಗೊತ್ತುಮಾಡಲು ದಾರಿಯಿದೆಯೇ?

ಉತ್ತರ (ಸಾಗರ):
ದಿನ ಗೊತ್ತುಮಾಡುವ ಮೊದಲು ಕಾಯಿ ಯಾರದ್ದೆಂಬುದು ಇತ್ಯರ್ಥವಾಗಬೇಕು. ಮುಂದಿನ ಫಸಲು ತನ್ನದಲ್ಲವೆಂದು ತಿಳಿದವನು ಕೊಂಬೆಯನ್ನು ಏಕೆ ಉಳಿಸಿಯಾನು? 2006ರ ಅರಣ್ಯ ಹಕ್ಕು ಕಾಯ್ದೆಯು ಉಪ್ಪಾಗೆಯಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ, ಸಮುದಾಯವು ರೂಢಿಯಿಂದ ಕಾಪಾಡಿಕೊಂಡು ಬಂದ ಕಾಡನ್ನು ನಿರ್ವಹಿಸುವ ಹಕ್ಕನ್ನೂ ಮಾನ್ಯ ಮಾಡುತ್ತದೆ. ಹಾಗೆ ಮಾನ್ಯವಾದ ಕಾಡಿನ ಬಳಕೆಯನ್ನು ನಿಯಂತ್ರಿಸುವ ಅಧಿಕಾರ 5ನೇ ಕಲಮಿನಂತೆ ಗ್ರಾಮಸಭೆಗಿದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನೇ ಆಶ್ರಯಿಸಿ ಬದುಕಿದ್ದನ್ನು ತೋರಿಸಬೇಕು. ನಮ್ಮ ಕಡೆ ಅರ್ಜಿಗಳು ಎಡವುವುದು ಇಲ್ಲಿಯೇ. ದಾಖಲೆ ಪತ್ರವಿಲ್ಲವೆಂದು ಕೈಬಿಡಬೇಡಿ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ಈ ಕಾಯ್ದೆಯಡಿಯ ನಿಯಮಗಳಲ್ಲಿ 13ನೆಯದು ಸಾಕ್ಷ್ಯವೆಂದು ಒಪ್ಪುತ್ತದೆ, ಆದರೆ ಒಂದೇ ಸಾಕ್ಷ್ಯ ಸಾಲದು. ಗ್ರಾಮಸಭೆಯ ನಿರ್ಣಯವು ಉಪವಿಭಾಗ ಮಟ್ಟದ ಸಮಿತಿಗೂ, ಅಲ್ಲಿಂದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೂ ಹೋಗುತ್ತದೆ. ಈ ಬೇಸಿಗೆಯಲ್ಲೇ ಅಜ್ಜಂದಿರನ್ನು ಕರೆದುಕೊಂಡು ಕಾನಿನ ಗಡಿ ಸುತ್ತಿ, ನಕ್ಷೆ ಬರೆದಿಟ್ಟುಕೊಳ್ಳಿ.

ಉತ್ತರ (ತೀರ್ಥಹಳ್ಳಿ):
ಮೇಲಿನವರ ಮಾತು ಸರಿ, ಆದರೆ ಒಲೆಯನ್ನು ಮರೆಯಬಾರದು. ಉಪ್ಪಾಗೆ ಬರುವುದು ಬಿಸಿಲೇ ಕಾಣದ ತಿಂಗಳುಗಳಲ್ಲಿ. ಸಿಪ್ಪೆಯನ್ನು ಅಟ್ಟದ ಮೇಲೆ ಹರಡಿ, ಕೆಳಗೆ ಹಗಲೂ ರಾತ್ರಿ ಬೆಂಕಿ ಹಾಕಿದರೆ ಮಾತ್ರ ಅದು ಕಪ್ಪಾಗಿ ಒಣಗುತ್ತದೆ. ಆ ಸೌದೆ ಬರುವುದೂ ಅದೇ ಕಾನಿನಿಂದ. ಕಾಯಿ ಬಿಡದ ಗಂಡು ಮರವನ್ನು ಕೆಲಸಕ್ಕೆ ಬಾರದ್ದೆಂದು ಮೊದಲು ಕಡಿಯುವವರನ್ನು ನಾನು ಕಂಡಿದ್ದೇನೆ, ಅದು ತುಂಬ ದೊಡ್ಡ ತಪ್ಪು; ಕಾಯಿ ಬಿಡುವ ಹೆಣ್ಣು ಮರಗಳಿಗೆ ಪರಾಗ ಸಿಗುವುದು ಅದರಿಂದ. ಸುತ್ತಲೂ ಮುಚ್ಚಿ ಹೊಗೆಗೊಳವೆ ಇಟ್ಟ ಒಲೆಯನ್ನು ನಾಲ್ಕಾರು ಮನೆಗಳು ಸೇರಿ ಕಟ್ಟಿಕೊಂಡರೆ ಸೌದೆ ಉಳಿಯುತ್ತದೆ, ಸಿಪ್ಪೆಗೆ ಹೊಗೆ ವಾಸನೆಯೂ ಹತ್ತುವುದಿಲ್ಲ. ಇನ್ನೊಂದು ಸಂಗತಿ, ಎಳೆಗಾಯಿಯ ಬೀಜ ಬಲಿತಿರುವುದಿಲ್ಲವಾದ್ದರಿಂದ ಅದರಿಂದ ಉಪ್ಪಾಗೆ ತುಪ್ಪವೂ (ಬೀಜದಿಂದ ತೆಗೆಯುವ ಕೊಬ್ಬು) ಇಲ್ಲ, ಸಸಿಯೂ ಇಲ್ಲ. ಬಲಿತ ಬೀಜವೇ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ವ್ಯಾಪಾರಿಯಿಂದ ಮುಂಗಡ ಪಡೆದ ಮನೆಗಳೇ ಎಲ್ಲರಿಗಿಂತ ಮೊದಲು ಮರ ಹತ್ತುತ್ತವೆ ಎಂಬುದು ಇದನ್ನು ಓದುವಾಗ ಹೊಳೆಯಿತು. ಆ ಮನೆಗಳು ಎರಡು ವಾರ ತಡೆದುಕೊಳ್ಳುವಷ್ಟು ಹಣವನ್ನು ಊರಿನ ಸ್ತ್ರೀಶಕ್ತಿ ಸಂಘದಿಂದ ಸಾಲವಾಗಿ ಕೊಡಿಸಲು ಸಾಧ್ಯವೇ ಎಂದು ಭಾನುವಾರ ಸಂಘದವರನ್ನು ಕೇಳುತ್ತೇನೆ.